ಪಾಯ ತೆಗೆದಾಗ ಸಿಕ್ಕ ಹೊಳೆಯುವ ಕಲ್ಲು: ಭೂವಿಜ್ಞಾನಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ರಾಜರಾಜೇಶ್ವರಿ ನಗರದಿಂದ): ಸರ್, ನಮಸ್ಕಾರ. ನಮ್ಮ ನಿವೇಶನದಲ್ಲಿ ಪಾಯ ತೆಗೆಯುವಾಗ ಏಳಡಿ ಆಳದಲ್ಲಿ, ಕೈಯಲ್ಲಿ ಹಿಚುಕಿದರೆ ಪುಡಿಯಾಗುವಂಥ ಕಲ್ಲು ಸಿಕ್ಕಿದೆ. ತುಂಬ ಹಳದಿ ಮಿನುಗು. ಕೆಲಸದವರೆಲ್ಲ ಚಿನ್ನವಿರಬಹುದು ಎನ್ನುತ್ತಿದ್ದಾರೆ. ಫೋಟೋ ಹಾಕಿದ್ದೇನೆ. ಏನಿದು?

ಉತ್ತರ: ನಮಸ್ಕಾರ. ಫೋಟೋ ನೋಡಿ ಕಲ್ಲಿನ ಹೆಸರು ಹೇಳುವುದು ನನಗೆ ಇಷ್ಟವಿಲ್ಲ. ಖನಿಜದ ವಿಷಯದಲ್ಲಿ ಬಣ್ಣದಷ್ಟು ಮೋಸ ಮಾಡುವ ಸಾಕ್ಷಿ ಬೇರೊಂದಿಲ್ಲ. ಒಂದು ಹೊಲಿಗೆ ಸೂಜಿ ತೆಗೆದುಕೊಳ್ಳಿ. ಮಿನುಗುವ ಚೂರಿನ ಅಂಚಿಗೆ ಅದರ ಮೊನೆ ತಾಗಿಸಿ ಎಬ್ಬಿಸಿ. ಈರುಳ್ಳಿ ಸಿಪ್ಪೆಯಂತೆ ತೆಳ್ಳಗೆ ಪದರ ಪದರವಾಗಿ ಬಿಚ್ಚಿಕೊಂಡರೆ ಅದು ಅಭ್ರಕ. ನಮ್ಮ ಹಿರಿಯರು ಅದಕ್ಕೆ ಕಾಗೆಬಂಗಾರ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಕಪ್ಪು ಅಭ್ರಕ, ಅಂದರೆ ಬಯೊಟೈಟ್, ಮಣ್ಣಿನಡಿ ನೀರು ಕುಡಿದು ಶಿಥಿಲವಾದಾಗ ಹೊಂಬಣ್ಣಕ್ಕೆ ತಿರುಗುತ್ತದೆ. ಚಿನ್ನವಾದರೆ ಪದರ ಬಿಚ್ಚುವುದಿಲ್ಲ, ಸೂಜಿ ಒತ್ತಿದ ಕಡೆ ತಗ್ಗಾಗುತ್ತದೆ. ಚಿನ್ನದಂತೆ ಹೊಳೆದು ಮೋಸಮಾಡುವ ಪೈರೈಟ್ ಎಂಬ ಕಬ್ಬಿಣ, ಗಂಧಕದ ಖನಿಜವಾದರೆ ಪಟಕ್ಕನೆ ಪುಡಿಯಾಗುತ್ತದೆ.

ಇನ್ನೊಂದು ಪರೀಕ್ಷೆಯೂ ಇದೆ. ಅಕ್ಕಸಾಲಿಗರು ಒರೆಗಲ್ಲಿಗೆ ಚಿನ್ನ ಉಜ್ಜಿ ನೋಡುವುದಿಲ್ಲವೇ, ನಾವು ಮಾಡುವುದೂ ಅದನ್ನೇ. ನೆಲದ ಟೈಲ್ಸ್‌ನ ಹಿಂಬದಿಯ ಹೊಳಪಿಲ್ಲದ ಭಾಗಕ್ಕೆ ಖನಿಜವನ್ನು ಉಜ್ಜಿ, ಉಳಿದ ಗೆರೆಯ ಬಣ್ಣ ನೋಡಿ. ಚಿನ್ನದ ಗೆರೆ ಹಳದಿಯಾಗಿಯೇ ಇರುತ್ತದೆ, ಹಳದಿಯಾಗಿ ಕಾಣುವ ಪೈರೈಟ್‌ನ ಗೆರೆ ಹಸಿರು ಕಪ್ಪು. ಸಂಡೂರಿನ ಹೆಮಟೈಟ್ ಎಂಬ ಕಬ್ಬಿಣದ ಅದಿರು ಹೊರಗೆ ಎಷ್ಟೇ ಕಪ್ಪಾಗಿದ್ದರೂ ಗೆರೆ ಮಾತ್ರ ಕೆಂಪು ಕಂದು. ಕುದುರೆಮುಖದ ಕಬ್ಬಿಣದ ಅದಿರಾದ ಮ್ಯಾಗ್ನೆಟೈಟ್‌ನ ಗೆರೆ ಕಪ್ಪು, ಅದಕ್ಕೆ ಅಯಸ್ಕಾಂತವೂ ಅಂಟಿಕೊಳ್ಳುತ್ತದೆ.

ಅವರೇ, ಮರುದಿನ: ಸರ್, ಪದರ ಪದರವಾಗಿಯೇ ಬಂತು! ಕೆಲಸದವರಿಗೆ ತೋರಿಸಿದೆ. ಅದೇ ಗುಂಡಿಯಲ್ಲಿ ಗಟ್ಟಿಯಾದ ಬಿಳಿ ಚೂರು, ತಿಳಿ ಗುಲಾಬಿ ಚೂರು ಎರಡೂ ಇವೆ. ಎರಡೂ ಗಾಜಿನ ಮೇಲೆ ಗೀರು ಬೀಳಿಸುತ್ತವೆ. ಇವನ್ನು ಬೇರೆ ಮಾಡುವುದು ಹೇಗೆ?

ಉತ್ತರ: ಗಾಜಿನ ಮೇಲೆ ಗೀರಿ ನೋಡಿದಿರಲ್ಲ, ಬಹಳ ಸಂತೋಷವಾಯಿತು. 1812ರಲ್ಲಿ ಫ್ರೆಡ್ರಿಕ್ ಮೋಸ್ ರೂಪಿಸಿದ ಗಡಸುತನದ ಅಳತೆ ಇಂದಿಗೂ ನಮ್ಮ ಜೇಬಿನಲ್ಲಿರುವ ಸಾಧನ. ಒಂದರಿಂದ ಹತ್ತರವರೆಗಿನ ಆ ಅಳತೆಯಲ್ಲಿ ಉಗುರಿಗೆ ಸುಮಾರು 2.5, ಗಾಜಿಗೆ ಸುಮಾರು 5.5. ಗ್ರಾನೈಟ್‌ನಂಥ ಕಲ್ಲುಗಳಲ್ಲಿ ಹೇರಳವಾಗಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜಕ್ಕೆ 6, ಬೆಣಚುಕಲ್ಲಿಗೆ 7. ಆದ್ದರಿಂದಲೇ ಎರಡೂ ಗಾಜನ್ನು ಗೀರಿದವು.

ವ್ಯತ್ಯಾಸ ಕಾಣುವುದು ಒಡೆದ ಮುಖದಲ್ಲಿ. ಚೂರನ್ನು ಬಿಸಿಲಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಯಾವುದೋ ಒಂದು ಕೋನದಲ್ಲಿ ಇಡೀ ಮುಖ ಪುಟ್ಟ ಕನ್ನಡಿಯಂತೆ ಒಮ್ಮೆಲೇ ಮಿಂಚಿದರೆ ಫೆಲ್ಡ್‌ಸ್ಪಾರ್, ಅದು ಸಪಾಟಾಗಿ ಸೀಳುತ್ತದೆ. ಬೆಣಚುಕಲ್ಲಿಗೆ ಆ ಗುಣವಿಲ್ಲ. ದಪ್ಪ ಗಾಜು ಒಡೆದಂತೆ ಬಾಗಿದ ಮುಖಗಳು ಬರುತ್ತವೆ. ಗುಲಾಬಿ ಚೂರು ಬಹುಮಟ್ಟಿಗೆ ಫೆಲ್ಡ್‌ಸ್ಪಾರ್ ಇರಬೇಕು, ಆದರೆ ತಿರುಗಿಸಿ ನೋಡಿದ ಮೇಲೆಯೇ ನಂಬಿ. ನಿಮ್ಮ ಗುಂಡಿಯ ಗೋಡೆಯನ್ನೂ ಒಮ್ಮೆ ನೋಡಿ. ಫೆಲ್ಡ್‌ಸ್ಪಾರ್ ಕಾಲಕ್ರಮದಲ್ಲಿ ಜೇಡಿಯಾಗುತ್ತದೆ, ಬೆಣಚುಕಲ್ಲು ಜಗ್ಗದೆ ಮರಳಾಗಿ ಉಳಿಯುತ್ತದೆ, ಅಭ್ರಕದಂಥ ಕಪ್ಪು ಖನಿಜಗಳ ಕಬ್ಬಿಣ ತುಕ್ಕು ಹಿಡಿದು ಮಣ್ಣಿಗೆ ಕೆಂಪು ಕೊಡುತ್ತದೆ. ಬೆಂಗಳೂರಿನ ಕೆಮ್ಮಣ್ಣು ಹುಟ್ಟುವ ಬಗೆ ಅಲ್ಲೇ ಕಾಣುತ್ತದೆ. ಕಾಂಕ್ರೀಟ್ ಹಾಕುವ ಮೊದಲು ಮಕ್ಕಳನ್ನು ಕರೆದು ತೋರಿಸಿ.

ಪ್ರಶ್ನೆ (ಮಲ್ಲೇಶ್ವರದ ಶಿಕ್ಷಕಿ): ಸರ್, ಮಕ್ಕಳನ್ನು ಲಾಲ್‌ಬಾಗ್‌ಗೆ ಕರೆದುಕೊಂಡು ಹೋಗಿದ್ದೆ. ಕೆಂಪೇಗೌಡ ಗೋಪುರದ ಬಂಡೆಯನ್ನು ಗ್ರಾನೈಟ್, ಅಗ್ನಿಶಿಲೆ ಎಂದು ಹೇಳಿದೆ. ಒಬ್ಬ ಹುಡುಗಿ, "ಮತ್ತೆ ಇದರಲ್ಲಿ ಪಟ್ಟೆ ಏಕಿದೆ ಮಿಸ್?" ಎಂದಳು. ಉತ್ತರ ಹೊಳೆಯಲಿಲ್ಲ.

ಉತ್ತರ: ಆ ಹುಡುಗಿಯ ಕಣ್ಣು ನಿಜವಾದ ಭೂವಿಜ್ಞಾನಿಯ ಕಣ್ಣು ಮೇಡಂ, ದಯವಿಟ್ಟು ತರಗತಿಯ ಮುಂದೆ ಅವಳಿಗೆ ಹೇಳಿ. ಅದು ಗ್ರಾನೈಟ್ ಅಲ್ಲ, ನೈಸ್. ರೂಪಾಂತರ ಶಿಲೆ. ನೆಲದಾಳದ ಶಾಖಕ್ಕೂ ಒತ್ತಡಕ್ಕೂ ಸಿಕ್ಕು, ಬಿಳಿಯ ಬೆಣಚು ಮತ್ತು ಫೆಲ್ಡ್‌ಸ್ಪಾರ್ ಒಂದು ಸಾಲಿಗೆ, ಕಪ್ಪು ಖನಿಜಗಳು ಇನ್ನೊಂದು ಸಾಲಿಗೆ ಸೇರಿವೆ. ಕೆಲವೆಡೆ ಆ ಪಟ್ಟೆಗಳು ಸೀರೆಯ ನೆರಿಗೆಯಂತೆ ಮಡಿಚಿಕೊಂಡಿರುತ್ತವೆ. ಸುಮಾರು 300 ಕೋಟಿ ವರ್ಷದ ಬಂಡೆ ಅದು. ಪೆನಿನ್ಸುಲಾರ್ ನೈಸ್ ಎಂಬುದು ಅದರ ಶಾಸ್ತ್ರೀಯ ಹೆಸರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ, ಹಾಗಾಗಿ ಅಲ್ಲಿ ಸುತ್ತಿಗೆಯ ಮಾತೇ ಬೇಡ.

ಗ್ರಾನೈಟ್ ತೋರಿಸಬೇಕೆಂದರೆ ರಾಮನಗರಕ್ಕೆ ಹೋಗಿ. ಬ್ರಿಟಿಷರ ಕಾಲದಲ್ಲಿ ಆ ಊರಿಗೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು, ಅಲ್ಲಿನ ಶಿಲೆಗೆ ಈಗಲೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತೇವೆ. ವಯಸ್ಸು ಸುಮಾರು 250 ಕೋಟಿ ವರ್ಷ. ಅಲ್ಲಿ ಕಪ್ಪು ಕಾಳುಗಳು ಸಾಲುಗಟ್ಟಿರುವುದು ಕಡಿಮೆ, ಉಪ್ಪಿಟ್ಟಿನಲ್ಲಿ ಸಾಸಿವೆ ಬಿದ್ದಂತೆ ಚದುರಿರುತ್ತವೆ. ಶಿಲಾಪಾಕ, ಅಂದರೆ ಕರಗಿದ ಕಲ್ಲು, ಆಳದಲ್ಲಿ ನಿಧಾನವಾಗಿ ಆರಿದ್ದರಿಂದ ಹರಳುಗಳು ಬರಿಗಣ್ಣಿಗೆ ಕಾಣುವಷ್ಟು ಬೆಳೆದಿವೆ. ವಿಜಯಪುರ, ಬೆಳಗಾವಿಯ ಕಡೆಯ ಬಸಾಲ್ಟ್ ಎಂಬುದು ನೆಲದ ಮೇಲೆ ಹರಿದು ಬೇಗ ಆರಿದ ಲಾವಾ, ಅದರಲ್ಲಿ ಹರಳು ಕಾಣಲು ಮಸೂರ ಬೇಕು. ಮೂರನೆಯ ಬಗೆಯಾದ, ಮರಳು ಕೆಸರು ಪದರವಾಗಿ ಕೂತು ಗಟ್ಟಿಯಾದ ಕಣಶಿಲೆಗೆ ಬಾದಾಮಿಯ ಮರಳುಗಲ್ಲು ಒಳ್ಳೆಯ ಉದಾಹರಣೆ. ಅಷ್ಟು ದೂರ ಹೋಗಲಾಗದಿದ್ದರೆ ಹಳೆಯ ಮನೆಗಳ ನೆಲದ ಶಹಾಬಾದ್ ಕಲ್ಲು ತೋರಿಸಿ, ಅದು ಕಲಬುರಗಿ ಕಡೆಯ ಸುಣ್ಣದ ಕಲ್ಲು.

ಮಕ್ಕಳ ಕೈಗೆ ಬಳಪದ ಕಲ್ಲನ್ನೂ ಕೊಡಿ. ಉಗುರಿಗೇ ಗೀರು ಬೀಳುವಷ್ಟು ಮೃದು. ಬೇಲೂರು, ಹಳೇಬೀಡಿನ ಶಿಲ್ಪಿಗಳು ಕಲ್ಲಿನಲ್ಲಿ ಒಡವೆಯ ಮಣಿ ಮಣಿಯನ್ನೂ ಬಿಡಿಸಲು ಆದದ್ದು ಈ ಮೃದುತನದಿಂದ.

ಪ್ರಶ್ನೆ (ಬಸವನಗುಡಿಯಿಂದ): ಅಣ್ಣ, ನಮ್ಮ ಅಡುಗೆಮನೆ ಕಟ್ಟೆಗೆ ಕಪ್ಪು ಗ್ರಾನೈಟ್ ಎಂದು ಹೇಳಿ ಹಾಕಿಕೊಟ್ಟರು. ನಿಂಬೆಹಣ್ಣು ಹಿಂಡಿದ ಕಡೆಯೆಲ್ಲ ಮಂಕಾಗಿದೆ.

ಉತ್ತರ: ತಂಗಿ, ಅದು ಕಡಪ ಕಲ್ಲಿರಬಹುದು. ಅದು ಸುಣ್ಣದ ಕಲ್ಲು, ಅದರ ಮುಖ್ಯ ಖನಿಜವಾದ ಕ್ಯಾಲ್ಸೈಟ್ ಹುಳಿಗೆ ಕರಗುತ್ತದೆ. ಕಾಣದ ಮೂಲೆಯಲ್ಲಿ ಸೂಜಿಯಿಂದ ಕೆರೆದು ಬಂದ ಪುಡಿಯ ಮೇಲೆ ಎರಡು ಹನಿ ನಿಂಬೆರಸ ಹಾಕಿ, ಹತ್ತಿರದಿಂದ ನೋಡಿ. ಬಲವಾದ ಆಮ್ಲ ಮನೆಗೆ ತರಬೇಡಿ.

ಅವರೇ, ಸಂಜೆ: ಸಣ್ಣ ಗುಳ್ಳೆಗಳು ಎದ್ದವು ಅಣ್ಣ.

ಉತ್ತರ: ಹಾಗಾದರೆ ಅದು ಸುಣ್ಣದ ಕಲ್ಲೇ. ಕಲ್ಲೇನೂ ಕೆಟ್ಟದ್ದಲ್ಲ, ಹೆಸರು ತಪ್ಪು ಹೇಳಿದ್ದಾರೆ, ಗ್ರಾನೈಟ್ ಬೆಲೆ ಪಡೆದಿದ್ದರೆ ಧೈರ್ಯವಾಗಿ ಕೇಳಿ. ಮಂಕಾದ ಕಡೆ ಮತ್ತೆ ಪಾಲಿಶ್ ಮಾಡಿಸಬಹುದು. ಅಲ್ಲಿಯವರೆಗೆ ಹುಣಸೆಹಣ್ಣು ಕಿವುಚುವುದನ್ನು ತಟ್ಟೆಯ ಮೇಲೆ ಇಟ್ಟುಕೊಳ್ಳಿ.