ಪದಚರ್ಚೆ: ‘ಮನೆಗಾಗಿ ಮೂಲ ಸಮಕಾಲೀನ ಅಮೂರ್ತ ವರ್ಣಚಿತ್ರಗಳು’

ಪ್ರಶ್ನೆ

ಮನೆಯ ಗೋಡೆಗೆಂದು ಮಾರುವ ಚಿತ್ರಗಳ ವಿವರಪಟ್ಟಿಯೊಂದು ಕನ್ನಡಕ್ಕೆ ಬರಬೇಕಿದೆ. ಕರಡಿನ ತಲೆಬರಹ ಮೇಲಿನಂತಿದೆ. ಒಂದೊಂದೇ ಪದವನ್ನು ನಿಘಂಟಿನಲ್ಲಿ ನೋಡಿದರೆ ತಪ್ಪಿಲ್ಲ, ಒಟ್ಟಿಗೆ ಓದಿದರೆ ಕನ್ನಡ ಅನ್ನಿಸುವುದಿಲ್ಲ. ‘ಒರಿಜಿನಲ್’ಗೆ ಮೂಲ, ಅಸಲಿ, ಸ್ವಂತ ಇವುಗಳಲ್ಲಿ ಯಾವುದು? ‘ಆಬ್‌ಸ್ಟ್ರಾಕ್ಟ್’ಗೆ ಅಮೂರ್ತವೋ ನವ್ಯವೋ? ಒಳಗಿನ ವಿವರಗಳಲ್ಲಿ ‘ಅನ್‌ಟೈಟಲ್ಡ್’ ಎಂಬುದು ‘ಅನಾಮಧೇಯ’ ಆಗಿದೆ, ‘ಲ್ಯಾಂಡ್‌ಸ್ಕೇಪ್’ ಎಂಬುದು ‘ಭೂದೃಶ್ಯ’ ಆಗಿದೆ. ಬಲ್ಲವರು ತಿದ್ದಿಕೊಡಬೇಕು.

ಮೊದಲ ಉತ್ತರ

ಹೆಚ್ಚು ತೊಡಕಿರುವುದು ‘ಮೂಲ’ದಲ್ಲಿ. ಈ ಅರ್ಥದಲ್ಲಿ ಅದು ಕನ್ನಡದಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ, ಎದುರಿಗೆ ಇನ್ನೊಂದು ಬೇಕು. ಅನುವಾದವಿದ್ದರೆ ಮೂಲ ಕೃತಿ, ನಕಲಿದ್ದರೆ ಮೂಲ ದಾಖಲೆ. ಬರೀ ‘ಮೂಲ ಚಿತ್ರ’ ಎಂದರೆ ಯಾವುದರ ಮೂಲ ಎಂಬ ಪ್ರಶ್ನೆ ಏಳುತ್ತದೆ. ‘ಅಸಲಿ’ ಅರಬ್ಬಿಯಿಂದ ಬಂದದ್ದು. ಅಲ್ಲೂ ಅದರ ಅರ್ಥ ಬೇರು, ಬುಡ ಎಂದೇ. ಆದರೆ ಕನ್ನಡದಲ್ಲಿ ಅದರ ಜೋಡಿ ‘ನಕಲಿ’. ನಕಲು ಬೇರೆ, ನಕಲಿ ಬೇರೆ: ನಕಲು ಎಂದರೆ ನಕಲೆಂದು ಹೇಳಿಯೇ ಮಾಡಿದ್ದು, ನಕಲಿ ಎಂದರೆ ಮೋಸಕ್ಕೆ ಮಾಡಿದ್ದು. ‘ಅಸಲಿ ಚಿತ್ರ’ ಎಂದು ಬರೆದರೆ ಯಾರೂ ಕೇಳದ ಅನುಮಾನವನ್ನು ನೀವೇ ಹುಟ್ಟಿಸಿದಂತೆ. ‘ಸ್ವೋಪಜ್ಞ’ ಒಳ್ಳೆಯ ಪದ, ಆದರೆ ಅದು ಹೇಳುವುದು ಕಲ್ಪನೆ ತನ್ನದೇ ಎಂದು. ಸ್ವೋಪಜ್ಞವಾದ ಚಿತ್ರದ ಮುದ್ರಿತ ನಕಲುಗಳು ಸಾವಿರ ಇರಬಹುದು.

ಮಾರುವವರು ಇಲ್ಲಿ ಹೇಳಬೇಕಾದದ್ದು ಎರಡೇ ಸಂಗತಿ. ಬಣ್ಣ ಕಲಾವಿದರ ಕೈಯಿಂದ ನೇರವಾಗಿ ಆ ಕ್ಯಾನ್ವಾಸಿನ ಮೇಲೆ ಬಿದ್ದಿದೆ. ಇಂಥದ್ದು ಇದೊಂದೇ ಇದೆ. ಹಾಗಾಗಿ ‘ಕಲಾವಿದರೇ ಕೈಯಾರೆ ರಚಿಸಿದ ಏಕೈಕ ಕೃತಿ’ ಎನ್ನಿ. ‘ಒಂದೇ ಪ್ರತಿ ಇದೆ’ ಬೇಡ, ಪ್ರತಿ ಎಂದ ಕೂಡಲೇ ಅದು ನಕಲಾಗುತ್ತದೆ.

ಪಟ್ಟಿಯಲ್ಲಿ ‘ಪ್ರಿಂಟ್’ಗಳೂ ಇದ್ದರೆ ಇನ್ನೂ ಎಚ್ಚರ ಬೇಕು. ಎಚಿಂಗ್, ಮರದಚ್ಚು, ಲಿಥೊಗ್ರಾಫ್‌ಗಳಲ್ಲಿ ಕಲಾವಿದರು ತಗಡು, ಮರ ಅಥವಾ ಕಲ್ಲಿನ ಮೇಲೆಯೇ ಕೆಲಸ ಮಾಡುತ್ತಾರೆ. ಅಚ್ಚಾದ ಒಂದೊಂದು ಹಾಳೆಯೂ ಒರಿಜಿನಲ್ಲೇ, ಅದರ ನಕಲಲ್ಲ. ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ 7/30 ಎಂದಿದ್ದರೆ ಮೂವತ್ತರಲ್ಲಿ ಏಳನೆಯದು ಎಂದರ್ಥ, ಶೇಕಡಾ ಲೆಕ್ಕವಲ್ಲ, ತಾರೀಖೂ ಅಲ್ಲ. ಇವನ್ನು ‘ಅಚ್ಚುಚಿತ್ರ’ ಎನ್ನಬಹುದು, ‘ಗ್ರಾಫಿಕ್ ಕಲೆ’ ಎಂಬ ಬಳಕೆಯೂ ಇದೆ. ಚಿತ್ರದ ಫೋಟೊ ತೆಗೆದು ಇಂಕ್‌ಜೆಟ್ಟಿನಲ್ಲಿ ಕ್ಯಾನ್ವಾಸಿನ ಮೇಲೆ ಹೊಡೆದದ್ದು ‘ಮುದ್ರಿತ ನಕಲು’. ಅದಕ್ಕೂ ಸಂಖ್ಯೆ ಹಾಕಿ ‘ಸೀಮಿತ ಆವೃತ್ತಿ’ ಎಂದು ಮಾರುವುದುಂಟು. ಎರಡಕ್ಕೂ ‘ಮುದ್ರಣ’ ಎಂಬ ಒಂದೇ ಪದ ಬಳಸಿದರೆ ಕೊಳ್ಳುವವರಿಗೆ ಅನ್ಯಾಯವಾಗುತ್ತದೆ.

ಯಾವ ಪದ ಹಾಕಬೇಕೆಂಬ ಗೊಂದಲವಿದ್ದರೆ ಚಿತ್ರವನ್ನೇ ನೋಡಿ ತೀರ್ಮಾನಿಸಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಇಂಕ್‌ಜೆಟ್ಟಿನ ಸಣ್ಣ ಚುಕ್ಕಿಗಳು ಕಾಣುತ್ತವೆ, ಕೈಯಲ್ಲಿ ಹಚ್ಚಿದ ಬಣ್ಣದಲ್ಲಿ ಇರುವುದಿಲ್ಲ. ಟಾರ್ಚನ್ನು ಚಿತ್ರದ ಒಂದು ಪಕ್ಕಕ್ಕೆ ಒರಗಿಸಿ ಹಿಡಿದರೆ ಓರೆ ಬೆಳಕಿನಲ್ಲಿ ಬಣ್ಣದ ಏರುತಗ್ಗುಗಳು ಎದ್ದು ಕಾಣುತ್ತವೆ. ಇಲ್ಲೊಂದು ಮೋಸವಿದೆ: ಮುದ್ರಿತ ನಕಲಿನ ಮೇಲೆ ಪಾರದರ್ಶಕ ಜೆಲ್ ಬಳಿದು ಕುಂಚದ ಗೆರೆ ಎಬ್ಬಿಸುತ್ತಾರೆ. ಆಗ ಗೆರೆಗಳು ಒಂದು ದಿಕ್ಕಿಗೆ, ಬಣ್ಣದ ಅಂಚುಗಳು ಇನ್ನೊಂದು ದಿಕ್ಕಿಗೆ ಹೋಗುತ್ತವೆ. ಕೈಯಲ್ಲಿ ರಚಿಸಿದ್ದರಲ್ಲಿ ಗೆರೆಯೂ ಬಣ್ಣವೂ ಒಟ್ಟಿಗೆ ತಿರುಗುತ್ತವೆ.

ಇನ್ನು ‘ಅಮೂರ್ತ’. ಇದನ್ನು ಬಿಡಬೇಡಿ, ಕಲೆಯ ಬರಹದಲ್ಲಿ ನೆಲೆಯೂರಿದ ಪದ. ‘ನವ್ಯ’ ಇದಕ್ಕೆ ಸಾಟಿಯಲ್ಲ. ವಸ್ತುಗಳನ್ನು ಕೋನಕೋನವಾಗಿ ಒಡೆದು ಜೋಡಿಸುವ ಕ್ಯೂಬಿಸಂ ಶೈಲಿ ನವ್ಯವೇ, ಆದರೆ ಅದರಲ್ಲಿ ಗಿಟಾರು, ಸೀಸೆ, ಮುಖ ಎಲ್ಲ ಇರುತ್ತವೆ. ‘ನಿರಾಕಾರ’ವೂ ಹೊಂದುವುದಿಲ್ಲ. ಚೌಕ, ವೃತ್ತಗಳಿಂದಲೇ ಕಟ್ಟಿದ ಅಮೂರ್ತ ಚಿತ್ರದಲ್ಲಿ ಆಕಾರವಲ್ಲದೆ ಬೇರೇನಿದೆ?

ಆದರೂ ‘ಅಮೂರ್ತ’ದ ಒಳಗೆ ಒಂದು ಇರುಸುಮುರುಸು ಇದೆ. ‘ಮೂರ್ತ’ ಎಂದರೆ ಸಂಸ್ಕೃತದಲ್ಲಿ ಹೆಪ್ಪುಗಟ್ಟಿದ್ದು, ಗಟ್ಟಿಯಾಗಿ ರೂಪ ತಳೆದದ್ದು. ದಪ್ಪನೆ ಮೆತ್ತಿ ಒಣಗಿದ ಬಣ್ಣಕ್ಕಿಂತ ಹೆಪ್ಪುಗಟ್ಟಿದ್ದು ಯಾವುದು? ಡಚ್ ಕಲಾವಿದ ಥಿಯೊ ವಾನ್ ಡೂಸ್‌ಬರ್ಗ್ 1930ರಲ್ಲಿ ಇದೇ ವಾದ ಹೂಡಿ, ಗೆರೆ, ಬಣ್ಣ, ಮೇಲ್ಮೈಗಳಿಗಿಂತ ವಾಸ್ತವವಾದದ್ದು ಇಲ್ಲ, ಆದ್ದರಿಂದ ಇದನ್ನು ಮೂರ್ತ ಕಲೆ ಎನ್ನಬೇಕು ಎಂದರು. ಭಾರತದ ಚಿತ್ರಕಾರ ವಿ. ಎಸ್. ಗಾಯ್ತೊಂಡೆ ಅವರೂ ತಮ್ಮ ಚಿತ್ರಗಳಿಗೆ ‘ಆಬ್‌ಸ್ಟ್ರಾಕ್ಟ್’ ಒಪ್ಪದೆ ‘ನಾನ್ ಆಬ್ಜೆಕ್ಟಿವ್’ ಎನ್ನುತ್ತಿದ್ದರು. ಈ ಎರಡನೆಯದಕ್ಕೆ ‘ವಸ್ತುನಿರಪೇಕ್ಷ’ ಎನ್ನಬಹುದು. ವ್ಯತ್ಯಾಸ ಕೆಲಸಕ್ಕೆ ಬರುವಂಥದ್ದು: ಬೆಟ್ಟವನ್ನು ನೋಡಿ ಸರಳಗೊಳಿಸುತ್ತ ಮೂರು ಪಟ್ಟೆಗೆ ಇಳಿಸಿದರೆ ಅದು ಅಮೂರ್ತೀಕರಣ. ಯಾವುದನ್ನೂ ನೋಡದೆ ಪಟ್ಟೆಯಿಂದಲೇ ಶುರುವಾದರೆ ವಸ್ತುನಿರಪೇಕ್ಷ. ಕಲಾವಿದರು ಈ ಎರಡರಲ್ಲಿ ಒಂದನ್ನು ಆರಿಸಿ ಹೇಳಿದ್ದರೆ ಅದನ್ನೇ ಉಳಿಸಿಕೊಳ್ಳಿ.

‘ಸಮಕಾಲೀನ’ ಕೂಡ ಜೊತೆ ಬೇಡುವ ಪದ: ಬಸವಣ್ಣನ ಸಮಕಾಲೀನ ಅಲ್ಲಮ. ‘ಸಮಕಾಲೀನ ಕಲೆ’ ಪಾರಿಭಾಷಿಕವಾಗಿ ನಿಂತಿದೆ, ಅದಿರಲಿ. ತಲೆಬರಹದಲ್ಲಿ ‘ಇಂದಿನ ಕಲಾವಿದರ’ ಎಂದರೆ ಸಾಕು. ‘ಆಧುನಿಕ’ ಮಾತ್ರ ಬೇಡ. ಕಲೆಯ ಇತಿಹಾಸದಲ್ಲಿ ಅದು ಸರಿಸುಮಾರು 1860ರಿಂದ 1960ರ ದಶಕದವರೆಗಿನ ಕಾಲದ ಹೆಸರು.

‘ಪೇಂಟಿಂಗ್’ ಬಗ್ಗೆ ಒಂದೇ ಮಾತು. ‘ಮನೆಗೆ ಪೇಂಟಿಂಗ್’ ಎಂದರೆ ಗೋಡೆಗೆ ಬಣ್ಣ ಹೊಡೆಸುವುದು.

ಎರಡನೆಯ ಉತ್ತರ

‘ಮೂಲ’ದ ಬಗ್ಗೆ ನನಗೆ ಅಷ್ಟು ಕಟ್ಟುನಿಟ್ಟು ಬೇಡ ಅನ್ನಿಸುತ್ತದೆ. ಒಂದೇ ಚಿತ್ರಕ್ಕೆ ಎರಡು ಬೆಲೆ ಇದ್ದು, ಒಂದು ಕಡೆ ‘ಮುದ್ರಿತ ನಕಲು’ ಎಂದಿದ್ದರೆ ಪಕ್ಕದಲ್ಲಿ ‘ಮೂಲ ಚಿತ್ರ’ ಸರಿಯಾಗಿಯೇ ಕೂರುತ್ತದೆ. ಅದು ಬೇಡುವ ಜೊತೆ ಅಲ್ಲಿಯೇ ಇದೆಯಲ್ಲ.

ಒಳಗಿನ ವಿವರಗಳಿಗೆ ಬರುತ್ತೇನೆ. ‘ಅನಾಮಧೇಯ’ ಎಂದರೆ ಕಲಾವಿದರ ಹೆಸರು ಗೊತ್ತಿಲ್ಲ ಎಂದು ಓದುತ್ತಾರೆ. ಹೆಸರಿಡದೆ ಬಿಟ್ಟಿರುವುದು ಚಿತ್ರಕ್ಕೆ, ಆದ್ದರಿಂದ ‘ಶೀರ್ಷಿಕೆ ಇಲ್ಲ’. ‘ಭೂದೃಶ್ಯ’ ಇನ್ನೂ ದೊಡ್ಡ ತಪ್ಪು. ಅಲ್ಲಿ ಲ್ಯಾಂಡ್‌ಸ್ಕೇಪ್ ಎಂದರೆ ಅಗಲ ಎತ್ತರಕ್ಕಿಂತ ಹೆಚ್ಚಿದೆ ಎಂದಷ್ಟೇ. ‘ಅಡ್ಡ ಅಳತೆ’ ಎನ್ನಿ, ಎತ್ತರ ಹೆಚ್ಚಿದ್ದರೆ ‘ನಿಲುವಿನ ಅಳತೆ’ ಎನ್ನಿ. ಇಲ್ಲವಾದರೆ ಹೊಲಗದ್ದೆ ಹುಡುಕುತ್ತ ಕೂರಬೇಕಾಗುತ್ತದೆ.

ಅಳತೆ ಬರೆಯುವಾಗ ಚಿತ್ರಕಲೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ, ದಪ್ಪ ಕೊನೆಗೆ. ಈ ಕ್ರಮ ಗೊತ್ತಿಲ್ಲದವರು 90 × 120 ಎಂಬುದನ್ನು ತಿರುಗಾಮುರುಗಾ ಓದುತ್ತಾರೆ. ‘ಎತ್ತರ 90 ಸೆಂ.ಮೀ., ಅಗಲ 120 ಸೆಂ.ಮೀ.’ ಎಂದು ಬಿಡಿಸಿ ಬರೆಯುವುದೇ ಲೇಸು. ‘ಉದ್ದ’ ಎಂಬ ಪದವನ್ನು ಅಳತೆಯ ಸಾಲಿಗೆ ತರಬೇಡಿ, ಅದು ಯಾವ ಬದಿಗೂ ಹೊಂದಿಕೊಂಡುಬಿಡುತ್ತದೆ.

ಮಾಧ್ಯಮದ ಸಾಲಿನಲ್ಲಿ ‘ತೈಲವರ್ಣ’, ‘ಜಲವರ್ಣ’ ಸರಿ. ‘ಅಕ್ರಿಲಿಕ್’ ಒಂದೇ ಬರೆದರೆ ಬಣ್ಣವೋ, ಗಾಜಿನ ಬದಲು ಹಾಕುವ ಪಾರದರ್ಶಕ ಹಾಳೆಯೋ ತಿಳಿಯದು. ‘ಕ್ಯಾನ್ವಾಸಿನ ಮೇಲೆ ಅಕ್ರಿಲಿಕ್ ಬಣ್ಣ’ ಎನ್ನಿ.

‘ಫ್ರೇಮ್’ ಎಂಬುದೂ ಎರಡು ವಸ್ತು. ಹೊರಗಿನದು ‘ಕಟ್ಟು’, ಕಟ್ಟು ಹಾಕಿಸುವುದು ಎಂಬ ಮಾತು ಎಲ್ಲರಿಗೂ ಗೊತ್ತು. ಕ್ಯಾನ್ವಾಸನ್ನು ಬಿಗಿದಿರುವ ಮರದ್ದು ‘ಒಳಚೌಕಟ್ಟು’. ಕರಡಿನಲ್ಲಿ ಎರಡಕ್ಕೂ ಚೌಕಟ್ಟು ಎಂದಿದ್ದರೆ, ಕಟ್ಟು ಹಾಕಿಯೇ ಬರುತ್ತದೆ ಎಂದು ನಂಬಿ ಕೊಂಡವರು ಬರಿ ಕ್ಯಾನ್ವಾಸ್ ಕಂಡು ಜಗಳಕ್ಕೆ ಬರುತ್ತಾರೆ. ಒಳಚೌಕಟ್ಟಿನ ಮೂಲೆಗೆ ಎರಡರಂತೆ ಎಂಟು ಸಣ್ಣ ಮರದ ತುಂಡುಗಳನ್ನು ಕಳಿಸುವುದುಂಟು, ಅವಕ್ಕೆ ಕನ್ನಡದಲ್ಲಿ ‘ಬೆಣೆ’ ಎಂಬ ಪದ ಸಿದ್ಧವಾಗಿದೆ, ಇಂಗ್ಲಿಷಿನಲ್ಲಿ ‘ಕೀ’ ಎಂದಿದೆಯೆಂದು ‘ಕೀಲಿ’ ಎಂದು ಅನುವಾದಿಸಬೇಡಿ. ಕ್ಯಾನ್ವಾಸ್ ಜೋತರೆ ಬೆಣೆಯನ್ನು ಮೆಲ್ಲಗೆ ತಟ್ಟಿದಾಗ ಮೂಲೆ ಅಗಲವಾಗಿ ಬಟ್ಟೆ ಬಿಗಿಯಾಗುತ್ತದೆ.

ಚಿತ್ರದ ಹಿಂದೆ ಬಾಣದ ಗುರುತಿನೊಂದಿಗೆ ‘ಟಾಪ್’ ಎಂದಿರುತ್ತದೆ. ಅದನ್ನು ‘ಉನ್ನತ’ ಎಂದು ಬರೆದರೆ ಹೊಗಳಿಕೆಯಾಗುತ್ತದೆ, ‘ಈ ಬದಿ ಮೇಲೆ’ ಎಂದೇ ಬರೆಯಿರಿ. ಅಮೂರ್ತ ಚಿತ್ರಕ್ಕೆ ಈ ಮಾತು ಬಹಳ ಮುಖ್ಯ. ಡಚ್ ಕಲಾವಿದ ಮೋಂಡ್ರಿಯಾನ್ 1941ರಲ್ಲಿ ಬಣ್ಣದ ಟೇಪುಗಳಿಂದ ಮಾಡಿದ ಒಂದು ಕೃತಿ ದಶಕಗಳಿಂದ ತಲೆಕೆಳಗಾಗಿ ತೂಗುತ್ತಿದ್ದಿರಬೇಕು ಎಂದು ಜರ್ಮನಿಯ ವಸ್ತುಸಂಗ್ರಹಾಲಯವೊಂದು 2022ರಲ್ಲಿ ಹೇಳಿತು. ಟೇಪು ಸಡಿಲವಾಗುವ ಭಯದಿಂದ ಈಗ ತಿರುಗಿಸುವಂತೆಯೂ ಇಲ್ಲ.

ತಲೆಬರಹಕ್ಕೆ ನನ್ನ ಸೂಚನೆ: ‘ಮನೆಯ ಗೋಡೆಗೆ ಇಂದಿನ ಕಲಾವಿದರ ಅಮೂರ್ತ ಚಿತ್ರಗಳು’. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ‘ಎಲ್ಲವೂ ಕೈಯಾರೆ ರಚಿಸಿದ ಏಕೈಕ ಕೃತಿಗಳು, ಮುದ್ರಿತ ನಕಲುಗಳಲ್ಲ.’