ಪದಚರ್ಚೆ: ಸದ್ದಿಲ್ಲದ್ದಕ್ಕೆ ಎಂಥ ಸದ್ದು?

ಗೆಳೆಯರೇ, ಒಂದು ಪದ ಬೇಕಾಗಿದೆ. ಐದು ನಿಮಿಷದ ಕೆಲಸ ಅಂದುಕೊಂಡಿದ್ದೆ. ಮೂರು ದಿನವಾಯಿತು, ಅಜ್ಜಿ, ನಾನು, ಮಗಳು ಇನ್ನೂ ಇದರ ಮೇಲೇ ಜಗಳವಾಡುತ್ತಿದ್ದೇವೆ.

ಮಗಳು ಒಂಬತ್ತನೇ ಕ್ಲಾಸು. ಶಾಲೆಯ ಗೋಡೆಪತ್ರಿಕೆಗೆ ನಾಲ್ಕು ಮನೆಯ ಒಂದು ಕಾಮಿಕ್ಸ್ ಬರೆಯುತ್ತಿದ್ದಾಳೆ. (ಪ್ಯಾನೆಲ್‌ಗೆ ‘ಮನೆ’ ಅಂದಿದ್ದೇನೆ, ಚೌಕಾಬಾರದ ಮನೆ ಇದ್ದ ಹಾಗೆ. ನನ್ನ ಸ್ವಂತ ಬಳಕೆ, ಹಿಡಿಸದಿದ್ದರೆ ಬಿಡಿ.) ಜಪಾನಿನಲ್ಲಿ ಇಂಥ ನಾಲ್ಕು ಮನೆಯ ತಮಾಷೆಗೆ ‘ಯೊನ್‌ಕೊಮ’ ಅಂತಲೇ ಹೆಸರು. ಮೊದಲ ಮನೆಯಲ್ಲಿ ಟೀಚರ್ ಬೋರ್ಡಿನ ಮೇಲೆ ಲೆಕ್ಕ ಬರೆಯುತ್ತಾರೆ. ಎರಡನೆಯದರಲ್ಲಿ ತಿರುಗಿ, ‘ಯಾರು ಮಾಡ್ತೀರಾ?’ ಅನ್ನುತ್ತಾರೆ. ಮೂರನೆಯದರಲ್ಲಿ ನಲವತ್ತು ತಲೆ, ಎಲ್ಲವೂ ಬಗ್ಗಿವೆ, ಮಾತಿಲ್ಲ. ನಾಲ್ಕನೆಯದರಲ್ಲಿ ಯಾರದೋ ಟಿಫಿನ್ ಡಬ್ಬಿಯ ಮುಚ್ಚಳ ನೆಲಕ್ಕೆ ಬಿದ್ದು ಠಣ್ ಅನ್ನುತ್ತದೆ, ಎಲ್ಲರೂ ಆ ಹುಡುಗನ ಕಡೆ ನೋಡುತ್ತಾರೆ. ಮುಂದಿನದು ಹೇಳಬೇಕಾಗಿಲ್ಲ.

ತಕರಾರು ಇರುವುದು ಮೂರನೇ ಮನೆಯಲ್ಲಿ. ಅಲ್ಲಿ ಅವಳು ತಲೆಗಳ ಮೇಲೆ ದಪ್ಪಕ್ಷರದಲ್ಲಿ ‘ಶೀನ್’ ಅಂತ ಬರೆದಿದ್ದಳು. ಅಜ್ಜಿ ಕನ್ನಡಕ ಏರಿಸಿಕೊಂಡು ನೋಡಿದರು.

‘ಶೀನ ಯಾರೇ? ಈ ಮುಂದಿನ ಬೆಂಚಿನವನಾ?’

ನಮ್ಮ ಮನೆಯಲ್ಲಿ ಶ್ರೀನಿವಾಸ ಅನ್ನೋ ಹೆಸರಿನವರೆಲ್ಲ ಶೀನಂದಿರು. ಮಗಳು ತಲೆ ಚಚ್ಚಿಕೊಂಡು ವಿವರಿಸಿದಳು: ಮಂಗಾದಲ್ಲಿ, ಅಂದರೆ ಜಪಾನಿ ಕಾಮಿಕ್ಸಿನಲ್ಲಿ, ಪೂರ್ತಿ ನಿಶ್ಶಬ್ದ ಆದಾಗ ಹಾಗೆ ಬರೆಯುತ್ತಾರೆ, ಅದು ಸದ್ದಿಲ್ಲ ಅನ್ನುವುದರ ಸದ್ದು. ಅಜ್ಜಿಗೆ ‘ಮಂಗಾ’ ಒಂದೇ ಕಿವಿಗೆ ಬಿದ್ದದ್ದು. ‘ಮಂಗ ಅಂತ ಬೇರೆ ಹೇಳ್ಬೇಕಾ, ನೋಡಿದ್ರೇ ಗೊತ್ತಾಗುತ್ತೆ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಸದ್ದಿಲ್ಲದ್ದಕ್ಕೆ ಎಂಥ ಸದ್ದೇ? ಬಿಕೋ ಅಂತ ಬರಿ, ಆಯ್ತು’ ಅಂದರು.

ನನಗೆ ಮೈ ಜುಮ್ ಅಂದಿತು. ಎಷ್ಟು ಸರಿಯಾದ ಮಾತು! ಆದರೆ ಮಗಳು ಒಪ್ಪಲಿಲ್ಲ. ‘ಅಜ್ಜಿ, ಇಲ್ಲಿ ನಲವತ್ತು ಜನ ಇದಾರೆ. ಜನ ತುಂಬಿರೋ ಕ್ಲಾಸು ಬಿಕೋ ಅನ್ನುತ್ತಾ?’

ನನ್ನ ಪ್ರಶ್ನೆಯೂ ಇದೇ. ಆದರೆ ಮೊದಲು ಜಗಳದ ಹಿನ್ನೆಲೆ ಸ್ವಲ್ಪ ಹೇಳಿಬಿಡುತ್ತೇನೆ. ಪದದ ಜೊತೆ ರುಚಿಯ ಪ್ರಶ್ನೆಯೂ ಸೇರಿಕೊಂಡಿದೆ.

ನಾನು ಪಶ್ಚಿಮದ ಕಾಮಿಕ್ಸ್ ಕಡೆಯವಳು. ನಮ್ಮಣ್ಣ ಬೈಂಡ್ ಮಾಡಿಸಿಟ್ಟಿದ್ದ ಇಂದ್ರಜಾಲ ಕಾಮಿಕ್ಸ್ ಓದುತ್ತಾ ಬೆಳೆದವಳು. 1964ರಲ್ಲಿ ಫ್ಯಾಂಟಮ್ ಕಥೆಯಿಂದ ಶುರುವಾದ ಮಾಲೆ ಅದು, ಮುಂದೆ ಕನ್ನಡದಲ್ಲೂ ಬಂತು. ಆಮೇಲೆ ಟಿನ್‌ಟಿನ್ ಹುಚ್ಚು ಹಿಡಿಯಿತು. ಅಚ್ಚುಕಟ್ಟು ಗೆರೆ, ಕಣ್ಣಿಗೆ ಹಿತವಾದ ಬಣ್ಣ, 62 ಪುಟ. ಊಟ ಮಾಡಿ ಕೂತರೆ ನಿದ್ದೆಗೆ ಮೊದಲು ಕಥೆ ಮುಗಿಯಬೇಕು, ಕಳ್ಳ ಸಿಗಬೇಕು. ಮಗಳ ಮಂಗಾ ಮುಗಿಯುವುದೇ ಇಲ್ಲ. ಅವಳ ಅಚ್ಚುಮೆಚ್ಚಿನ ಒನ್ ಪೀಸ್ 1997ರಿಂದ ಬರುತ್ತಿದೆ, ನೂರು ಸಂಪುಟ ದಾಟಿದೆ. ‘ಇಷ್ಟು ಎಳೆದರೆ ಧಾರಾವಾಹಿ ಅಲ್ವಾ?’ ಅಂತ ನಾನು ಕೆಣಕುತ್ತೇನೆ. ‘ಬರೆಯೋದು ಒಬ್ಬರೇ ಅಮ್ಮಾ. ನಿಮ್ಮ ಸೂಪರ್‌ಮ್ಯಾನ್ 1938ರಿಂದ ಎಷ್ಟು ಜನರ ಕೈ ದಾಟಿದಾನೆ ಲೆಕ್ಕ ಇದೆಯಾ?’ ಅಂತ ಅವಳು ತಿರುಗಿಸುತ್ತಾಳೆ. ಆ ಮಾತಿಗೆ ನನ್ನ ಹತ್ತಿರ ಉತ್ತರವಿಲ್ಲ. ಅಲ್ಲಿ ಪಾತ್ರದ ಒಡೆತನ ಕಂಪನಿಯದು, ಬರೆಯುವವರು ಬಂದು ಹೋಗುತ್ತಿರುತ್ತಾರೆ.

ಇನ್ನು ‘ಮಂಗಾ’ ಅನ್ನೋ ಪದ. ಜಪಾನಿ ಉಚ್ಚಾರದಲ್ಲಿ ಎರಡೂ ಸ್ವರ ಗಿಡ್ಡ. ಅಂದರೆ ಇದ್ದ ಹಾಗೆ ಬರೆದರೆ ‘ಮಂಗ’ವೇ! ‘ಮನ್’ ಅಂದರೆ ಮನಸ್ಸಿಗೆ ಬಂದ ಹಾಗೆ, ಹದ್ದುಬಸ್ತಿಲ್ಲದ್ದು. ‘ಗ’ ಅಂದರೆ ಚಿತ್ರ. ಹೊಕುಸಾಯ್ ಅನ್ನೋ ಕಲಾವಿದರ ‘ಮಂಗ’ದ ಮೊದಲ ಸಂಪುಟ ಬಂದದ್ದು 1814ರಲ್ಲಿ. ಅದರಲ್ಲಿ ಕಥೆಯೇ ಇಲ್ಲ. ಕುಸ್ತಿಯವರು, ಹಕ್ಕಿ, ಮೀನು, ಅಲೆ, ಹೀಗೆ ತೋಚಿದ್ದೆಲ್ಲ ಇದೆ. ಇದೇ ಎರಡು ಅಕ್ಷರವನ್ನು ಚೀನಾದವರು ಮಾನ್‌ಹ್ವಾ, ಕೊರಿಯಾದವರು ಮನ್‌ಹ್ವ ಅಂತ ಓದುತ್ತಾರೆ. ನಾವು ಮಾತ್ರ ಕೋತಿ ಬಂದೀತು ಅಂತ ಹೆದರಿ ಕೊನೆಗೆ ದೀರ್ಘ ಎಳೆದು ಮಂಗಾ, ಮಾಂಗಾ ಅಂತ ಬರೆಯುತ್ತೇವೆ. ಈ ಪೇಚು ನಮ್ಮದೊಂದೇ ಅಲ್ಲ. ಪೋರ್ಚುಗೀಸರ ‘ಮಾಂಗ’ ಅಂದರೆ ಮಾವಿನಹಣ್ಣು, ನಮ್ಮ ಪಕ್ಕದ ಕೇರಳದಿಂದಲೇ ಅವರು ಹೊತ್ತುಕೊಂಡು ಹೋದ ಪದ. ಹಾಗಾಗಿ ಬ್ರೆಜಿಲಿನವರು ಈ ಪುಸ್ತಕಕ್ಕೆ ಕೊನೆಯ ಅಕ್ಷರದ ಮೇಲೊಂದು ಗೆರೆ ಎಳೆದು ‘ಮಾಂಗಾ’ ಅಂತ ಒತ್ತಿ ಹೇಳುತ್ತಾರೆ. ಅವರಿಗೆ ಮಾವು, ನಮಗೆ ಮಂಗ. ನಾನು ‘ಮಂಗಾ’ ಅಂತ ಬರೆಯುತ್ತಿದ್ದೇನೆ. ‘ಮಾಂಗಾ’ ಯಾಕೆ ಅನ್ನುವವರು ದಯವಿಟ್ಟು ತಿಳಿಸಿ. ನನಗಂತೂ ಮೊದಲ ದೀರ್ಘಕ್ಕೆ ಕಾರಣ ಕಾಣುತ್ತಿಲ್ಲ.

ಕಾಮಿಕ್ಸ್ ಅನ್ನೋದಕ್ಕೂ ಕನ್ನಡ ಬೇಕು ಅಂತ ಯಾರಾದರೂ ಹಟ ಹಿಡಿದರೆ, ‘ಚಿತ್ರಕಥೆ’ ಇತ್ತು, ಅದನ್ನು ಸಿನಿಮಾದವರು ಕಿತ್ತುಕೊಂಡರು. ಈಗ ಕಥೆ-ಚಿತ್ರಕಥೆ-ಸಂಭಾಷಣೆ ಅಂದರೆ ಪರದೆಯೇ ಕಣ್ಣ ಮುಂದೆ ಬರುವುದು. ಹಳೆಯ ಅರ್ಥ ಉಳಿದಿರುವುದು ಅಮರ ಚಿತ್ರಕಥೆಯ ಹೆಸರಲ್ಲಿ. ಅದನ್ನು 1967ರಲ್ಲಿ ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದವರು. ಇಟಲಿಯವರು ಬಹಳ ಚೆಂದದ ಹೆಸರಿಟ್ಟಿದ್ದಾರೆ: ‘ಫುಮೆತ್ತಿ’, ಅಂದರೆ ಪುಟ್ಟ ಪುಟ್ಟ ಹೊಗೆ. ಪಾತ್ರದ ಬಾಯಿಂದ ಏಳುವ ಮಾತಿನ ಬುಗ್ಗೆ ಅವರಿಗೆ ಹೊಗೆಯ ಹಾಗೆ ಕಂಡಿದೆ. ಸ್ಪೇನಿನವರು ‘ತೆಬೆಓ’ ಅನ್ನುತ್ತಾರೆ, 1917ರಲ್ಲಿ ಶುರುವಾದ ‘ಟಿಬಿಒ’ ಅನ್ನೋ ಪತ್ರಿಕೆಯ ಹೆಸರಿಂದ. ನಮ್ಮಲ್ಲಿ ಕೆಲವು ಮನೆಯಲ್ಲಿ ಮಕ್ಕಳ ಪುಸ್ತಕಕ್ಕೆಲ್ಲ ‘ಚಂದಮಾಮ’ ಅನ್ನೋ ಹಾಗೆ. ಇರಲಿ, ಕಾಮಿಕ್ಸ್ ಸಾಕು. ‘ಒಂದು ಕಾಮಿಕ್ಸ್ ಕೊಡು’ ಅಂತ ಬಹುವಚನವನ್ನೇ ಏಕವಚನ ಮಾಡಿಕೊಂಡು ಅದನ್ನು ನಮ್ಮದಾಗಿಸಿಯೂ ಆಗಿದೆ.

ಸದ್ದಿಗೆ ಬರುತ್ತೇನೆ. ನನ್ನ ಪಕ್ಷ ಸ್ವಲ್ಪ ಅಲುಗಾಡಿದ್ದು ಇಲ್ಲೇ.

ಇಂಗ್ಲಿಷ್ ಕಾಮಿಕ್ಸಿನಲ್ಲಿ ಸದ್ದು ಅಂದರೆ ಹೆಚ್ಚಾಗಿ ಏಟು: ಪೌ, ಬ್ಯಾಮ್, ಕ್ರ್ಯಾಶ್. ಸ್ಪೈಡರ್‌ಮ್ಯಾನ್ ಬಲೆ ಬಿಟ್ಟರೆ ‘ಥ್ವಿಪ್’, ವೂಲ್ವರೀನ್ ಉಗುರು ಚಾಚಿದರೆ ‘ಸ್ನಿಕ್ಟ್’. ಚೆನ್ನಾಗಿವೆ, ಆದರೆ ಎಲ್ಲವೂ ಕಿವಿಗೆ ಕೇಳುವಂಥವು. ಭಾವಕ್ಕೆ ಬಂದರೆ ‘ಸೈ’ (ನಿಟ್ಟುಸಿರು), ‘ಸಾಬ್’ (ಬಿಕ್ಕಿ ಅಳು), ‘ಗಲ್ಪ್’ (ಗುಟುಕು ನುಂಗು) ಅಂತ ಮಾಮೂಲಿ ಕ್ರಿಯಾಪದವನ್ನೇ ತಂದು ಚಿತ್ರದ ಪಕ್ಕ ಇಟ್ಟುಬಿಡುತ್ತಾರೆ. ಇದನ್ನು ಜರ್ಮನಿಗೆ ತಂದ ಕಥೆ ಪದಪ್ರಿಯರಿಗೆ ಹಬ್ಬ. ಎರಿಕಾ ಫುಕ್ಸ್ ಅನ್ನೋ ಅನುವಾದಕಿ 1951ರಿಂದ ಡೊನಾಲ್ಡ್ ಡಕ್ ಕಥೆಗಳನ್ನು ಜರ್ಮನ್‌ಗೆ ತರುತ್ತಿದ್ದರು. ನಿಟ್ಟುಸಿರು ಬಿಡು ಅನ್ನೋ ಕ್ರಿಯಾಪದದ ಬಾಲ ಕತ್ತರಿಸಿ ‘ಝೊಯ್ಫ್ಟ್ಸ್’ ಅಂತ ಧಾತುವನ್ನಷ್ಟೇ ಉಳಿಸುತ್ತಿದ್ದರು. ಓದುವವರು ಅದನ್ನು ಎಷ್ಟು ಹಚ್ಚಿಕೊಂಡರೆಂದರೆ, ಆ ರೂಪಕ್ಕೆ ತಮಾಷೆಯಾಗಿ ‘ಎರಿಕಾಟಿವ್’ ಅಂತ ಅವರ ಹೆಸರೇ ಬಂತು. ಈಗ ಅಲ್ಲಿನ ಹುಡುಗರು ಚಾಟ್‌ನಲ್ಲೂ ಹಾಗೇ ಬರೆಯುತ್ತಾರೆ.

ಈ ಉಪಾಯ ಕನ್ನಡದಲ್ಲಿ ನಡೆಯುವುದಿಲ್ಲ. ಪ್ರಯತ್ನ ಮಾಡಿ ನೋಡಿದೆ. ನಮ್ಮ ಬರಿಯ ಧಾತು ಅಂದರೆ ಅಪ್ಪಣೆ! ಚಿಂತೆಯಲ್ಲಿ ಕೂತ ಬಾತುಕೋಳಿಯ ತಲೆ ಮೇಲೆ ‘ಯೋಚಿಸು’ ಅಂತ ಬರೆದರೆ, ಯಾರೋ ಮೇಷ್ಟ್ರು ಅದನ್ನು ಗದರಿದ ಹಾಗಿರುತ್ತದೆ. ‘ನಡುಗು’ ಅಂದರೆ ಓದುವವರೇ ನಡುಗಬೇಕು.

ಜಪಾನಿ ದಾರಿ ನಮಗೆ ಎಷ್ಟು ಹತ್ತಿರ ಅನ್ನುವುದು ಆಗ ಹೊಳೆಯಿತು. ಅವರಿಗೆ ಕೇಳುವ ಸದ್ದಿಗೊಂದು ಬಗೆಯ ಪದ, ಕೇಳಿಸದೆ ಬರೀ ಅನಿಸುವುದಕ್ಕೆ ಇನ್ನೊಂದು ಬಗೆ. ಮಗಳು ಪುಟ ತೋರಿಸುತ್ತಾ ಹೋದಳು, ನಾನು ಕನ್ನಡ ಹೇಳುತ್ತಾ ಹೋದೆ. ಎದೆ ‘ದೊಕಿದೊಕಿ’: ಡವಡವ. ಜನ ‘ಜವಜವ’: ಗುಜುಗುಜು. ಯಾರನ್ನಾದರೂ ನೆಟ್ಟು ನೋಡುವಾಗ ‘ಜೀ’: ದುರುದುರು. ಓಡುತ್ತಿದ್ದವನು ‘ಪಿತಾ’ ಅಂತ ನಿಂತ: ಗಕ್ಕನೆ. ‘ಪಿಕಾ’: ಫಳ್. ಪೋಕೆಮಾನ್‌ನ ಆ ಹಳದಿ ಪಿಕಾಚುವಿನ ಹೆಸರಲ್ಲಿ ಇರುವುದೂ ಇದೇ ‘ಪಿಕಾ’, ‘ಚು’ ಅನ್ನುವುದು ಇಲಿಯ ಚೀಂಚೀಂ. ಕನ್ನಡದಲ್ಲಿ ಹುಟ್ಟಿದ್ದರೆ ಫಳಚಿಂವ್ ಆಗುತ್ತಿತ್ತು ಪಾಪ. ಕೇಡು ಕಾದಿದೆ ಅಂತ ತೋರಿಸಲು ಅವರು ಪುಟದ ತುಂಬ ‘ಗೊಗೊಗೊಗೊ’ ಬರೆಯುತ್ತಾರೆ. ನಾನು ‘ಗವ್’ ಅಂದೆ, ಗವ್ವೆನ್ನುವ ಕತ್ತಲೆಯ ಗವ್. ಮಗಳು ಮೊದಲ ಸಲ ನನ್ನ ಕಡೆ ಗೌರವದಿಂದ ನೋಡಿದಳು.

ವ್ಯಾಕರಣವೂ ಹೊಂದುತ್ತದೆ, ಇದು ನನಗೆ ಜಾಸ್ತಿ ಖುಷಿ ಕೊಟ್ಟದ್ದು. ನಮ್ಮಲ್ಲಿ ಈ ಪದಗಳೆಲ್ಲ ‘ಅನ್ನು’ ಜೊತೆ ಬರುತ್ತವೆ. ಮೈ ಜುಮ್ ಅಂತು, ಮನೆ ಬಿಕೋ ಅಂತಿದೆ. ಯಾರೂ ಏನೂ ಹೇಳಿಲ್ಲ, ಆದರೂ ‘ಅಂತು’. ಜಪಾನಿಯಲ್ಲೂ ಇವುಗಳ ಬೆನ್ನಿಗೆ ‘ತೊ’ ಅನ್ನೋ ಚೂರು ಅಂಟುತ್ತದೆ. ಯಾರಾದರೂ ಆಡಿದ ಮಾತನ್ನು ವರದಿ ಮಾಡಲೂ ಇದೇ ‘ತೊ’ ಬರುತ್ತದೆ, ನಮ್ಮ ‘ಅಂತ’ ಹೇಗೋ ಹಾಗೆ.

ಹಾಗಂತ ನಾನು ಪೂರ್ತಿ ಪಕ್ಷ ಬದಲಿಸಿಲ್ಲ. ಕಪ್ಪುಬಿಳುಪು ಪುಟದಲ್ಲಿ ಹೊಡೆದಾಟ ಬಂದರೆ ಯಾರ ಕೈ ಯಾರ ಮೂತಿ ಅಂತ ನನಗೆ ಇನ್ನೂ ತಿಳಿಯುವುದಿಲ್ಲ. ಬಲದಿಂದ ಎಡಕ್ಕೆ ಓದುವುದು ಅಭ್ಯಾಸವಾಯಿತು. ಮೊದಲು ಇಂಗ್ಲಿಷಿಗೆ ತಂದವರು ಪುಟವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗಿಸಿ ಅಚ್ಚು ಹಾಕುತ್ತಿದ್ದರು. ಆಗ ಕತ್ತಿ ಹಿಡಿದವರೆಲ್ಲ ಎಡಚರಾಗುತ್ತಿದ್ದರು. ಕಿಮೋನೊ ಕಥೆ ಇನ್ನೂ ಮಜಾ. ಬದುಕಿರುವವರು ಎಡ ಅಂಚನ್ನು ಬಲದ ಮೇಲೆ ತಂದು ಉಡಬೇಕು, ಹೆಣಕ್ಕೆ ಮಾತ್ರ ಅದರ ಉಲ್ಟಾ. ಪುಟ ತಿರುಗಿಸಿದರೆ ಊರಿಗೆ ಊರೇ ಹೆಣದ ಬಟ್ಟೆಯಲ್ಲಿ ಓಡಾಡಿದಂತೆ! ಈಗ ತಿರುಗಿಸದೆ ಹಾಕುವುದೇ ರೂಢಿ.

ನನಗೆ ಪಶ್ಚಿಮದ ಕಾಮಿಕ್ಸಲ್ಲಿ ಇನ್ನೊಂದು ಇಷ್ಟ, ಮೂಲೆಯ ಡಬ್ಬಿಯಲ್ಲಿ ಬರುವ ‘ಅಷ್ಟರಲ್ಲಿ...’, ‘ಇತ್ತ ಕಾಡಿನಲ್ಲಿ...’. ಯಕ್ಷಗಾನದಲ್ಲಿ ಭಾಗವತರು ಕೂತಿರುವ ಹಾಗೆ, ಕಥೆ ನಡೆಸುವವರು ಒಬ್ಬರು ಪಕ್ಕದಲ್ಲಿದ್ದಾರೆ ಅನ್ನೋ ಧೈರ್ಯ. ಮಗಳಿಗೆ ಅದೇ ಕಿರಿಕಿರಿ. ‘ಕಾಣ್ತಾ ಇದೆಯಲ್ಲ, ಯಾಕೆ ಹೇಳ್ಬೇಕು?’ ಅವಳ ಪುಸ್ತಕದಲ್ಲಿ ಒಂದು ಪುಟ ಪೂರ್ತಿ ಮಳೆ, ಒದ್ದೆ ಚಪ್ಪಲಿ, ಕಿಟಕಿ, ಅಷ್ಟೇ ಇರುತ್ತದೆ. ಮೊದಲು ನಾನು ಸುಮ್ನೆ ಮಗುಚುತ್ತಿದ್ದೆ. ಈಗ ನಿಲ್ಲುತ್ತೇನೆ.

ಸರಿ, ಪದಕ್ಕೆ ಬರೋಣ. ‘ಬಿಕೋ’ ಯಾಕೆ ಒಗ್ಗುವುದಿಲ್ಲ ಅಂತ ಯೋಚಿಸಿದೆ. ಮದುವೆ ಮುಗಿದ ಮಾರನೇ ದಿನ ಮನೆ ಬಿಕೋ ಅನ್ನುತ್ತದೆ. ಬಂದ್ ದಿನ ಮೆಜೆಸ್ಟಿಕ್ ಬಿಕೋ ಅನ್ನುತ್ತದೆ. ಆಗ ಕಾಗೆ ಕೂಗುತ್ತಿರಬಹುದು, ಎಲ್ಲೋ ರೇಡಿಯೋ ಹಾಡುತ್ತಿರಬಹುದು, ಆದರೂ ಬಿಕೋ. ಅಂದರೆ ಅದು ಸದ್ದಿಲ್ಲದ್ದಕ್ಕಲ್ಲ, ಇರಬೇಕಾದವರು ಇಲ್ಲದ್ದಕ್ಕೆ. ಕ್ಲಾಸಿನಲ್ಲಿ ಎಲ್ಲರೂ ಇದ್ದಾರೆ. ಮಗಳು ಹೇಳಿದ್ದು ಸರಿ.

‘ಗಪ್‌ಚುಪ್’, ‘ತುಟಿಪಿಟಕ್’ ನೋಡಿದೆ. ಅವು ಬಾಯಿ ಮುಚ್ಚಿ ಕೂತವರ ಬಗ್ಗೆ. ನನಗೆ ಬೇಕಿರುವುದು ಅವರು ಕೂತಿರುವ ಕೋಣೆಯ ಬಗ್ಗೆ. ಕೋಣೆ ತುಟಿಪಿಟಕ್ ಅನ್ನದೆ ಇತ್ತು ಅಂದರೆ ನಗು ಬರುತ್ತದೆ. ಕ್ಲಾಸಲ್ಲಿ ಮೇಷ್ಟ್ರುಗಳು ಹೇಳುವ ‘ಪಿನ್‌ಡ್ರಾಪ್ ಸೈಲೆನ್ಸ್’ ಅಂತೂ ಬೇಡ, ನಾಲ್ಕನೇ ಮನೆಯ ಡಬ್ಬಿ ಮುಚ್ಚಳದ ಮಜಾ ಹೋಗುತ್ತದೆ.

ಆಗ ಒಂದು ಅನುಮಾನ ಬಂತು. ಗಕ್ಕನೆ, ತಟ್ಟನೆ, ಜುಮ್ಮನೆ, ಘಮ್ಮನೆ ಇವೆಲ್ಲ ಗಕ್, ತಟ್, ಜುಮ್, ಘಮ್‌ಗಳಿಗೆ ‘ಅನೆ’ ಹತ್ತಿ ಆದವು, ಅಲ್ವಾ? ಹಾಗಾದರೆ ‘ಸುಮ್ಮನೆ’? ಅದರೊಳಗಿನ ‘ಸುಮ್’ ಏನು? ದಿನಕ್ಕೆ ನೂರು ಸಲ ಬಳಸಿ ಬಳಸಿ ನಾವು ಮರೆತುಬಿಟ್ಟ, ಸದ್ದಿಲ್ಲದ್ದರ ಸದ್ದೇ ಅದಾಗಿರಬಹುದಾ? ತಮಿಳಿನ ‘ಚುಮ್ಮಾ’ ಇದರ ನಂಟೇ ಇರಬೇಕು. ಅಲ್ಲೂ ‘ಸುಮ್ಮನೆ’ ಹಾಗೆ ಮಾತಿಲ್ಲದೆ ಇರುವುದು, ಕಾರಣವಿಲ್ಲದೆ ಮಾಡುವುದು ಎರಡೂ ಅರ್ಥ ಇವೆ. ಹಳಗನ್ನಡ ಬಲ್ಲವರು ದಯವಿಟ್ಟು ನೋಡಿ ಹೇಳಿ: ‘ಸುಮ್’ ಒಂಟಿಯಾಗಿ, ‘ಅನೆ’ ಇಲ್ಲದೆ, ಅನುಕರಣ ಪದದ ಹಾಗೆ ಎಲ್ಲಾದರೂ ಬಂದಿದೆಯಾ? ಉತ್ತರ ಕರ್ನಾಟಕದವರು, ಕರಾವಳಿಯವರು, ನಿಮ್ಮ ಕಡೆ ಜನ ತುಂಬಿದ ಜಾಗ ಇದ್ದಕ್ಕಿದ್ದಂತೆ ತಣ್ಣಗಾದರೆ ಅದು ಏನು ‘ಅನ್ನುತ್ತದೆ’?

ಮಗಳು ಸದ್ಯಕ್ಕೆ ಮೂರನೇ ಮನೆಯಲ್ಲಿ ಪೆನ್ಸಿಲ್ಲಿನಲ್ಲಿ ‘ಸುಮ್‌ಮ್‌ಮ್’ ಅಂತ ಬರೆದಿಟ್ಟಿದ್ದಾಳೆ, ಇಂಕು ಹಾಕಿಲ್ಲ. ಅಜ್ಜಿಗೆ ತೋರಿಸಿದೆವು. ‘ಕ್ಲಾಸಲ್ಲಿ ಸೊಳ್ಳೆ ಕಾಟವಾ?’ ಅಂದರು. ಗೋಡೆಪತ್ರಿಕೆಗೆ ಕೊಡಬೇಕಾದ್ದು ಸೋಮವಾರ.