ಅಪ್ಪನ ತೋಟದ ಲೆಕ್ಕ ತೆರೆದರೆ ಬರೀ ಇಂಗ್ಲಿಷ್ ಅಕ್ಷರ

ಪ್ರಶ್ನೆ (ತೀರ್ಥಹಳ್ಳಿ): ಅಪ್ಪ 2004ರಿಂದ ಅಡಿಕೆ ತೋಟದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆದಿಡುತ್ತಿದ್ದರು. ಕೊಳೆರೋಗಕ್ಕೆ ಎಷ್ಟು ಸಲ ಬೋರ್ಡೋ ದ್ರಾವಣ ಹೊಡೆಸಿದರು, ರಾಶಿ ಇಡಿ ದರ್ಜೆಯ ಅಡಿಕೆ ಎಷ್ಟು ಕ್ವಿಂಟಾಲ್ ಆಯಿತು, ಎಲ್ಲವೂ ಅಲ್ಲಿದೆ. ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅಪ್ಪ ಈಗ ಇಲ್ಲ. ಕಡತಗಳು ಹಾಳಾಗಿವೆಯೇ?

ಉತ್ತರ (ಸಾಗರ): ಹಾಳಾಗಿಲ್ಲ, ಧೈರ್ಯವಾಗಿರಿ. ಆಗಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸುತ್ತಿದ್ದವು. ಅದೇ ಫಾಂಟನ್ನು ಅಳವಡಿಸಿದರೆ ಇಂದೇ ಓದಬಹುದು. ಆದರೆ ಅಷ್ಟಕ್ಕೇ ನಿಲ್ಲಬೇಡಿ, ಯೂನಿಕೋಡಿಗೆ (ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಏಕರೂಪದ ವ್ಯವಸ್ಥೆ) ಪರಿವರ್ತಿಸಿ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ ಸ್ವಂತ ಜಾಗವಿದೆ. ಆಮೇಲೆ ‘ಕೊಳೆರೋಗ’ ಎಂದು ಹುಡುಕಿದರೆ ಪ್ರತಿ ವರ್ಷದ್ದೂ ಸಿಗುತ್ತದೆ. ನಮ್ಮ ಅಜ್ಜಿ ಹೇಳಿ ಬರೆಸಿದ ಮದುವೆ ಹಾಡುಗಳನ್ನು ನಾನು ಹೀಗೆಯೇ ಉಳಿಸಿಕೊಂಡೆ.

ಉತ್ತರ (ಹೊಸನಗರ): ಅರ್ಕಾವೊತ್ತನ್ನು ಕಣ್ಣಿಟ್ಟು ನೋಡಿ. ಹಳೆಯ ಫಾಂಟಿನಲ್ಲಿ ಅದು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು. ಪರಿವರ್ತಕ ಎಡವುವುದು ಅಲ್ಲಿಯೇ. ಮೂಲ ಕಡತವನ್ನು ಮಾತ್ರ ಅಳಿಸಬೇಡಿ.

ಪ್ರಶ್ನೆ ಕೇಳಿದವರು: ಫಾಂಟ್ ಅಳವಡಿಸಿದೆ. ಮೊದಲ ಸಾಲು: ‘ಆಷಾಢ. ಎರಡನೇ ಔಷಧಿ. ಮಳೆ ಬಿಡಲಿಲ್ಲ.’ ಅಮ್ಮನನ್ನು ಕರೆದು ತೋರಿಸಿದೆ. ಇಬ್ಬರಿಗೂ ತುಂಬಾ ಧನ್ಯವಾದ.